ದೊಡ್ಡ ಸಿಸ್ಟರ್ ಕಾಲಿಗೆ ಹೇಳಿದ ಬುದ್ಧಿ

ದೊಡ್ಡ ಸಿಸ್ಟರ್‌ಗೆ ತಮ್ಮ ಗಂಡನ ಮೇಲೆ ಇದ್ದದ್ದು ಒಂದೇ ಒಂದು ದೂರು. ಆ ಮನುಷ್ಯ ಮಾತಾಡುವುದಿಲ್ಲ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುವುದಿಲ್ಲ, ಊಟಕ್ಕೆ ಉಪ್ಪು ಕಡಿಮೆಯಾದರೆ ತಾವೇ ಎದ್ದು ಹೋಗಿ ತಂದುಕೊಳ್ಳುತ್ತಾರೆ. ಇಂಥ ಗಂಡನ ಮೇಲೆ ದೂರು ಹೇಳಿಕೊಂಡರೆ ಅಕ್ಕಪಕ್ಕದ ಹೆಂಗಸರು ಬಂದು ಹೊಡೆಯುವ ಸಂಭವವಿತ್ತು. ಆದರೂ ಹತ್ತೊಂಬತ್ತು ವರ್ಷ ಇಬ್ಬರ ಪಾಲಿನ ಮಾತನ್ನೂ ಒಬ್ಬರೇ ಆಡಿ ಆಡಿ ಸಿಸ್ಟರ್‌ಗೆ ದವಡೆ ಸೋತುಹೋಗಿತ್ತು.

ಯಜಮಾನರದು ಗಾಜಿನ ಕೆಲಸ. ಕಿಟಕಿ, ಅಂಗಡಿಯ ಮುಂಬಾಗಿಲು, ಸಲೂನಿನ ಕನ್ನಡಿ, ಹೀಗೆ ಎಲ್ಲಿ ಗಾಜು ಕೂರಿಸಬೇಕೋ ಅಲ್ಲಿಗೆ ತಮ್ಮ ವಯಸ್ಸಿನವನೇ ಆದ ಒಬ್ಬ ಜೊತೆಗಾರನೊಂದಿಗೆ ಹೋಗಿ ಕೂರಿಸಿ ಬರುತ್ತಿದ್ದರು. ಮನೆಗೆ ಬಂದ ಮೇಲೆ ಅವರ ಶಬ್ದಭಂಡಾರದಲ್ಲಿ ಉಳಿಯುತ್ತಿದ್ದದ್ದು ‘ಹೂಂ’ ಎಂಬ ಏಕಾಕ್ಷರ ಮಾತ್ರ. ಗಿಡ್ಡ ಹೂಂ ಅಂದರೆ ಆಗಲಿ. ಉದ್ದ ಹೂಂ ಅಂದರೆ ಬೇಡ. ಮೂಗಿನಿಂದ ಬಂದ ಹೂಂ ಅಂದರೆ ಹಸಿವಾಗಿದೆ. (ನಾಲ್ಕನೆಯದೂ ಒಂದಿತ್ತು. ಅದರ ಅರ್ಥ ಇನ್ನೂ ಪತ್ತೆಯಾಗಿರಲಿಲ್ಲ.)

ಸಿಸ್ಟರ್ ಇದಕ್ಕೆ ಪೂರ್ತಿ ವಿರುದ್ಧ. ಆಸ್ಪತ್ರೆಯ ಮೂಳೆ ವಾರ್ಡಿನ ಮೂವತ್ತೆರಡು ಮಂಚ, ಹನ್ನೊಂದು ನರ್ಸುಗಳು ಅವರ ಆಡಳಿತಕ್ಕೆ ಒಳಪಟ್ಟಿದ್ದವು. ಕಾರಿಡಾರಿನಲ್ಲಿ ಅವರ ಬೂಟಿನ ಸದ್ದು ಕೇಳಿದರೆ ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಕೂಡ ಎದ್ದು ನಿಲ್ಲಲು ಪ್ರಯತ್ನಿಸುತ್ತಿದ್ದರು. ಡಾಕ್ಟರುಗಳು ಮೇಜಿನ ಮೇಲಿಟ್ಟ ಚಹಾದ ಲೋಟವನ್ನು ಸದ್ದಿಲ್ಲದೆ ಡ್ರಾಯರಿನೊಳಕ್ಕೆ ಸರಿಸುತ್ತಿದ್ದರು. ಇಡೀ ವಾರ್ಡನ್ನು ಕಿರುಬೆರಳಲ್ಲಿ ಕುಣಿಸುತ್ತಿದ್ದ ಸಿಸ್ಟರ್‌ಗೆ ತಾವೇ ಕುಣಿಯಬೇಕು ಅನ್ನಿಸಿದ್ದು ಒಂದು ಬುಧವಾರ.

ಆ ದಿನ ಮೂಳೆ ಡಾಕ್ಟರು ರೌಂಡ್ಸ್ ಮುಗಿಸಿ ಕೈ ತೊಳೆಯುತ್ತ, ವಯಸ್ಸಾದವರ ಕಾಲಿನ ಸಮತೋಲಕ್ಕೆ ಟ್ಯಾಂಗೋ ಎಂಬ ಕುಣಿತ ಬಹಳ ಒಳ್ಳೆಯದಂತೆ ಎಂದು ಯಾವುದೋ ಸಮ್ಮೇಳನದಲ್ಲಿ ಕೇಳಿ ಬಂದದ್ದನ್ನು ಹೇಳುತ್ತಿದ್ದರು. “ಅದರಲ್ಲಿ ಗಂಡಸು ಮಾತಾಡ್ತಾನೆ ಸಿಸ್ಟರ್, ಆದ್ರೆ ಬಾಯಲ್ಲಲ್ಲ, ಎದೆಯಲ್ಲಿ,” ಎಂದರು. ಸಿಸ್ಟರ್ ‘ಗಂಡಸು ಮಾತಾಡ್ತಾನೆ’ ಎಂಬಲ್ಲಿಯವರೆಗೆ ಕೇಳಿಸಿಕೊಂಡು, ಉಳಿದದ್ದನ್ನು ಕೇಳಿಸಿಕೊಳ್ಳಲಿಲ್ಲ.

ಅದೇ ದಿನ ಸಂಜೆ ಊಟದ ಮೇಜಿನ ಮುಂದೆ ವಿಷಯ ಮಂಡನೆಯಾಯಿತು.

“ರೀ, ಶನಿವಾರದಿಂದ ನಾವಿಬ್ರೂ ಟ್ಯಾಂಗೋ ಕಲೀತೀವಿ.”

“ಹೂಂ.”

“ಏನು ಹೂಂ? ಟ್ಯಾಂಗೋ ಅಂದ್ರೆ ಏನು ಅಂತಾದ್ರೂ ಗೊತ್ತಾ ನಿಮಗೆ?”

ಯಜಮಾನರು ತುತ್ತು ನುಂಗಿ ಸ್ವಲ್ಪ ಯೋಚಿಸಿದರು. “ಗಾಜಿಗೆ ಹಚ್ಚೋ ಅಂಟಾ?”

“ಕುಣಿತ ಕಣ್ರೀ. ಅರ್ಜೆಂಟೀನಾದ ಕುಣಿತ.”

“ಅಲ್ಲಿಗೆ ಹೋಗ್ಬೇಕಾ?”

“ಫರ್ನಿಚರ್ ಅಂಗಡಿ ಮೇಲಿನ ಮಹಡಿಗೆ ಹೋದ್ರೆ ಸಾಕು.”

ಯಜಮಾನರು ಉದ್ದ ಹೂಂ ಒಂದನ್ನು ಶುರು ಮಾಡಿದರು. ಅಷ್ಟರಲ್ಲಿ ಕಾಲೇಜಿಗೆ ಹೋಗುವ ಮಗಳು, ಫೋನಿನಿಂದ ಕಣ್ಣು ತೆಗೆಯದೆ, “ಅಪ್ಪಾ, ಅದರಲ್ಲಿ ಗಂಡಸು ಹೋದ ಕಡೆಗೆ ಹೆಂಗಸು ಹೋಗ್ಬೇಕಂತೆ. ಎದುರು ಮಾತಾಡೋ ಹಾಗಿಲ್ವಂತೆ,” ಅಂದಳು.

ಯಜಮಾನರು ತಟ್ಟೆಯಿಂದ ತಲೆ ಎತ್ತಿದರು. “ಎಷ್ಟು ಗಂಟೆಗೆ?” ಅಂದರು.

ಶನಿವಾರ ಸಂಜೆ ಐದಕ್ಕೆ ಫರ್ನಿಚರ್ ಅಂಗಡಿಯ ಮೇಲೆ ಆರು ಜೋಡಿ ಸೇರಿತ್ತು. ಮರದ ನೆಲ, ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ, ಮೂಲೆಯಲ್ಲಿ ಕೆಳಗಿನ ಅಂಗಡಿಯವರು ತಂದಿಟ್ಟ ಕಾಲು ಮುರಿದ ಕುರ್ಚಿಗಳು. ಯಜಮಾನರು ಒಳಗೆ ಬಂದವರೇ ಕನ್ನಡಿಯ ಅಂಚನ್ನು ಬೆರಳಲ್ಲಿ ಸವರಿ, ಯಾರೋ ಕೆಟ್ಟದಾಗಿ ಕೂರಿಸಿದ್ದಾರೆ ಎಂಬಂತೆ ತಲೆಯಾಡಿಸಿದರು. ಟೀಚರಮ್ಮನಿಗೆ ಐವತ್ತು ದಾಟಿದ ವಯಸ್ಸು, ಸಣಕಲು ಮೈ, ಪಕ್ಕದವರಿಗೆ ಮಾತ್ರ ಕೇಳುವಂಥ ದನಿ.

“ಇವತ್ತು ಕುಣಿಯೋದಿಲ್ಲ. ಬರೀ ನಡೀತೀವಿ,” ಅಂದರು.

ಸಿಸ್ಟರ್‌ಗೆ ಅವಮಾನವಾಯಿತು. ದಿನಕ್ಕೆ ಎಂಟು ಗಂಟೆ ಕಾರಿಡಾರು ಅಳೆಯುವವಳಿಗೆ ಈಕೆ ನಡೆಯುವುದನ್ನು ಹೇಳಿಕೊಡುತ್ತಾಳಂತೆ. ಸಾಲದ್ದಕ್ಕೆ ಹೆಂಗಸರು ಹಿಮ್ಮುಖವಾಗಿ ನಡೆಯಬೇಕಂತೆ. ಯಜಮಾನರು ಎದುರಿಗೆ ಬಂದು ನಿಂತರು. ಪಾದಗಳನ್ನು ಸ್ವಲ್ಪ ಅಗಲಿಸಿದರು, ಉಸಿರು ಬಿಟ್ಟರು, ಎತ್ತುವ ಮುಂಚೆ ವಸ್ತುವಿನ ತೂಕ ಅಂದಾಜು ಮಾಡುವವರ ಹಾಗೆ ಹೆಂಡತಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು, ಆಮೇಲೆ ಕೈ ಚಾಚಿ ಹಿಡಿದುಕೊಂಡರು. ಸಂಗೀತ ಶುರುವಾಯಿತು.

ನಾಲ್ಕು ಹೆಜ್ಜೆಯೊಳಗೆ ಸಿಸ್ಟರ್ ಯಜಮಾನರನ್ನು ಅರ್ಧ ಸುತ್ತು ತಿರುಗಿಸಿ, ತಾವು ಮುಂದಾಗಿ, ಸ್ಟ್ರೆಚರ್ ತಳ್ಳಿದ ಹಾಗೆ ಅವರನ್ನು ಕಿಟಕಿಯ ಕಡೆಗೆ ತಳ್ಳಿಕೊಂಡು ಹೋಗುತ್ತಿದ್ದರು.

ಟೀಚರಮ್ಮ ಹತ್ತಿರ ಬಂದರು. “ನೀವು ಹಿಂದಕ್ಕೆ ನಡೀಬೇಕು.”

“ಅವರಿಗೆ ದಾರಿ ಗೊತ್ತಾಗಲ್ಲ, ಅದಕ್ಕೆ ನಾನು ನೋಡ್ಕೋತಿದ್ದೆ.”

“ದಾರಿ ನೋಡ್ಕೊಳ್ಳೋದು ಅವರ ಕೆಲಸ.”

“ಹಾಗಾದ್ರೆ ನನ್ನ ಕೆಲಸ ಏನು?”

“ಕಾಯೋದು.”

ಸಿಸ್ಟರ್ ಟೀಚರಮ್ಮನ ಮುಖವನ್ನೇ ನೋಡಿದರು. ‘ಸ್ವಲ್ಪ ಕಾಯಿರಿ’ ಎಂಬ ಮಾತನ್ನು ಅವರು ದಿನಕ್ಕೆ ನೂರು ಸಲ ಬೇರೆಯವರಿಗೆ ಹೇಳಿದ್ದರು. ಅದನ್ನು ತಮಗೆ ಹೇಳಬಲ್ಲ ಧೈರ್ಯಸ್ಥರು ಇನ್ನೂ ಬದುಕಿದ್ದಾರೆ ಎಂದು ತಿಳಿದಿರಲಿಲ್ಲ.

ತೋರಿಸಿಕೊಡಲೆಂದು ಟೀಚರಮ್ಮ ಯಜಮಾನರ ಜೊತೆ ಗೋಡೆಯಿಂದ ಗೋಡೆಗೆ ಒಂದು ಸಲ ನಡೆದರು. ಆ ತುದಿ ಮುಟ್ಟಿದ ಮೇಲೆ ನಿಂತು, “ಎಲ್ಲಿ ಕಲಿತ್ರಿ?” ಎಂದು ಕೇಳಿದರು.

“ಏನನ್ನ?”

“ಈ ನಡಿಗೆ.”

ಯಜಮಾನರು ತಲೆ ಕೆರೆದುಕೊಂಡರು. “ಕನ್ನಡಿ ಹೊರ್ತೀವಲ್ಲ. ಎಂಟಡಿ ಕನ್ನಡಿ ಹಿಡ್ಕೊಂಡ್ರೆ ಆ ಕಡೆಯವನು ಕಾಣಲ್ಲ. ಮಾತಾಡಿದ್ರೆ ಇಬ್ಬರ ಗಮನಾನೂ ಹೋಗುತ್ತೆ. ಅವನ ಭಾರ ಯಾವ ಕಾಲಿನ ಮೇಲಿದೆ ಅಂತ ಕೈಗೇ ಗೊತ್ತಾಗುತ್ತೆ. ಅವನು ಕಾಲೂರಿದ ಮೇಲೆ ನಾನು ಎತ್ತೋದು. ಮೆಟ್ಟಿಲು ಬಂದ್ರೆ ನಾನು ಉಸಿರು ಬಿಟ್ಟಿದ್ದು ಅವನಿಗೆ ತಿಳಿಯುತ್ತೆ. ಇಪ್ಪತ್ತೆರಡು ವರ್ಷಕ್ಕೆ ಎರಡು ಒಡೆದಿವೆ, ಅಷ್ಟೆ.”

ಟೀಚರಮ್ಮ ಬಾಯಿ ಬಿಟ್ಟುಕೊಂಡು ಕೇಳಿದರು. ಅವರಿಗಿಂತ ದೊಡ್ಡದಾಗಿ ಬಾಯಿ ಬಿಟ್ಟುಕೊಂಡವರು ಸಿಸ್ಟರ್. ಮದುವೆಗೆ ಮುಂಚೆ ನೋಡಲು ಬಂದಾಗಲೂ ಈ ಮನುಷ್ಯ ಇಷ್ಟು ವಾಕ್ಯಗಳನ್ನು ಒಟ್ಟಿಗೆ ಆಡಿರಲಿಲ್ಲ.

ಆಮೇಲೆ ಆದದ್ದನ್ನು ಸಿಸ್ಟರ್ ಕನಸಿನಲ್ಲೂ ಎಣಿಸಿರಲಿಲ್ಲ. ಮೂರನೆಯ ವಾರಕ್ಕೆ ಯಜಮಾನರು ತಿರುವು ಕಲಿತರು. ನಾಲ್ಕನೆಯ ವಾರಕ್ಕೆ ಅವರನ್ನು ಚೆನ್ನಾಗಿ ಕಲಿತವರ ಆರು ಗಂಟೆಯ ದೊಡ್ಡ ಬ್ಯಾಚಿಗೆ ಹಾಕಲಾಯಿತು. ಅಲ್ಲಿನ ಹೆಂಗಸರು ಅವರ ಜೊತೆ ಒಂದು ಹಾಡಿಗೆ ಕುಣಿಯಲು ಗೋಡೆಗೆ ಒರಗಿ ಸಾಲಾಗಿ ನಿಲ್ಲತೊಡಗಿದರು. “ನಿಮ್ಮ ಯಜಮಾನ್ರ ಜೊತೆ ಹೋದ್ರೆ ಭಯಾನೇ ಆಗಲ್ಲ ನೋಡಿ,” ಎಂದು ಒಬ್ಬಾಕೆ ಸಿಸ್ಟರ್‌ಗೇ ಬಂದು ಹೇಳಿದಳು.

ಐದು ಗಂಟೆಯ ಬ್ಯಾಚಿನಲ್ಲಿ ಉಳಿದ ಸಿಸ್ಟರ್‌ಗೆ ಜೋಡಿಯಾಗಿ ಸಿಕ್ಕವರು ಒಬ್ಬ ಹಲ್ಲಿನ ಡಾಕ್ಟರು. (ಅವರ ಹೆಂಡತಿ ಎರಡನೆಯ ವಾರವೇ ಕಾಲಿಗೆ ಬುದ್ಧಿ ಹೇಳಿದ್ದರು. ಯಾಕೆಂದು ಸಿಸ್ಟರ್‌ಗೆ ಮೊದಲ ಐದು ನಿಮಿಷದಲ್ಲೇ ತಿಳಿಯಿತು.) ಆ ಮಹಾನುಭಾವರು ಪ್ರತಿ ಹೆಜ್ಜೆಗೂ ಮುಂಚೆ “ಸ್ವಲ್ಪ ಒತ್ತಿದ ಹಾಗಾಗುತ್ತೆ,” ಎನ್ನುತ್ತಿದ್ದರು. ಒತ್ತುತ್ತಲೂ ಇದ್ದರು. ಆಮೇಲೆ “ಆಯ್ತು, ಆಯ್ತು, ಆಗೇ ಹೋಯ್ತು,” ಎಂದು ಸಮಾಧಾನ ಮಾಡುತ್ತಿದ್ದರು. ಸಿಸ್ಟರ್ ಅವರನ್ನೂ ಸ್ಟ್ರೆಚರಿನಂತೆ ತಳ್ಳಿದರು. ಹಲ್ಲಿನ ಡಾಕ್ಟರು ಮಾತ್ರ ಒಂದು ಬಗೆಯ ನೆಮ್ಮದಿಯಿಂದ ಹೋದ ಕಡೆಗೆ ಹೋಗುತ್ತಿದ್ದರು.

ಇಷ್ಟೇ ಆಗಿದ್ದರೆ ಸಿಸ್ಟರ್ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಿದ್ದರು. ಆದರೆ ವಾರ್ಡಿನಲ್ಲಿ ಅವರು ಒಂದು ಎಡವಟ್ಟು ಮಾಡಿಕೊಂಡಿದ್ದರು.

ಮೊದಲ ಸೋಮವಾರ ಚಹಾದ ಹೊತ್ತಿಗೆ ನರ್ಸುಗಳು, “ಸಿಸ್ಟರ್, ಡ್ಯಾನ್ಸು ಹೇಗಾಯ್ತು?” ಎಂದು ಕೇಳಿದ್ದರು. ಸಿಸ್ಟರ್ ಹಿಂದೆಮುಂದೆ ನೋಡದೆ, “ನನಗೇನೋ ಸಲೀಸು. ನಮ್ಮೆಜಮಾನ್ರದ್ದೇ ಕಷ್ಟ. ಪಾಪ, ಯಾವುದು ಎಡಗಾಲು ಯಾವುದು ಬಲಗಾಲು ಅಂತ ಚೀಟಿ ಅಂಟಿಸ್ಬೇಕು,” ಎಂದುಬಿಟ್ಟಿದ್ದರು. ಒಂದು ಸಲ ಹೊರಟ ಸುಳ್ಳಿಗೆ ವಾರ ವಾರವೂ ಆಹಾರ ಹಾಕಬೇಕಾಯಿತು. ಎರಡನೆಯ ವಾರ ಯಜಮಾನರು ಕನ್ನಡಿಗೆ ಡಿಕ್ಕಿ ಹೊಡೆದರು. ನಾಲ್ಕನೆಯ ವಾರ ಟೀಚರಮ್ಮ ಕಣ್ಣೀರು ಹಾಕಿಕೊಂಡು, “ಸಿಸ್ಟರ್, ಇವರನ್ನ ನೀವೇ ಕಾಪಾಡ್ಬೇಕು,” ಎಂದರು. ಏಳನೆಯ ವಾರದ ಹೊತ್ತಿಗೆ ಸಿಸ್ಟರನ್ನು ಒಂಟಿಯಾಗಿ ಸ್ಪರ್ಧೆಗೆ ಕಳಿಸುವ ಮಾತುಕತೆ ನಡೆಯುತ್ತಿತ್ತು. ಹತ್ತೊಂಬತ್ತನೆಯ ಮಂಚದಲ್ಲಿ ಸೊಂಟದ ಮೂಳೆ ಮುರಿದು ಮಲಗಿದ್ದ ಅಜ್ಜಿಗೆ ಈ ಧಾರಾವಾಹಿ ಔಷಧಿಗಿಂತ ಹೆಚ್ಚು ಹಿಡಿಸಿತ್ತು. ಬೆಳಿಗ್ಗೆ ಸಿಸ್ಟರ್ ಕಂಡ ಕೂಡಲೆ, “ನಿಮ್ಮೆಜಮಾನ್ರ ಕಾಲು ಏನಂತಮ್ಮಾ?” ಎಂದು ವಿಚಾರಿಸುತ್ತಿದ್ದರು.

ಹತ್ತನೆಯ ವಾರ ಟೀಚರಮ್ಮ ಒಂದು ಸುದ್ದಿ ಕೊಟ್ಟರು. ಮುಂದಿನ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಎಲ್ಲರ ಮನೆಯವರ ಎದುರಿಗೆ ಒಂದು ಸಣ್ಣ ಪ್ರದರ್ಶನ. ಜೋಡಿಗೊಂದು ಹಾಡು. ಗಂಡಹೆಂಡತಿ ಇಬ್ಬರೂ ಇದ್ದಲ್ಲಿ ಅವರೇ ಜೋಡಿ. ಕೆಳಗಿನ ಅಂಗಡಿಯ ಗಾಜಿನ ಮೇಲೆ ಒಂದು ಚೀಟಿ ಅಂಟಿಸಲಾಯಿತು. ಹೊಸ ಕುರ್ಚಿ ನೋಡಲು ಹೋದ ಮೂಳೆ ಡಾಕ್ಟರು ಆ ಚೀಟಿಯನ್ನು ಓದಿದರು. ಸೋಮವಾರ ಬೆಳಿಗ್ಗೆ ಸಿಸ್ಟರ್ ವಾರ್ಡಿಗೆ ಬರುವಷ್ಟರಲ್ಲಿ ಒಂಬತ್ತು ನರ್ಸುಗಳು ಭಾನುವಾರದ ಡ್ಯೂಟಿಯನ್ನು ಅದಲು ಬದಲು ಮಾಡಿಕೊಂಡಾಗಿತ್ತು.

“ನೀವು ಹೇಳಲೇ ಇಲ್ವಲ್ಲ ಸಿಸ್ಟರ್,” ಎಂದು ಎಲ್ಲರಿಗಿಂತ ಕಿರಿಯ ನರ್ಸು ಆಕ್ಷೇಪಿಸಿದಳು. “ನಾವು ನಿಮ್ಮೆಜಮಾನ್ರನ್ನ ನೋಡೋಕೆ ಬರ್ತಿದ್ದೀವಿ. ನಗಲ್ಲ, ಪ್ರಾಮಿಸ್.”

ಸಿಸ್ಟರ್ ಡ್ಯೂಟಿ ಪಟ್ಟಿಯಲ್ಲಿ ತಪ್ಪು ಹುಡುಕಿದರು, ಒಂದೂ ಸಿಗಲಿಲ್ಲ.

ಆ ವಾರ ಮನೆಯ ಹಾಲಿನಲ್ಲಿ ಸೋಫಾ ಸರಿಸಿ ಅಭ್ಯಾಸ ನಡೆಯಿತು. ಸಿಸ್ಟರ್ ಎರಡು ಹೆಜ್ಜೆ ಹಿಂದಕ್ಕೆ ಹೋಗುತ್ತಿದ್ದರು, ಮೂರನೆಯದಕ್ಕೆ ತಮ್ಮ ದಾರಿ ಹಿಡಿಯುತ್ತಿದ್ದರು. ಅವರು ದಾರಿ ಹಿಡಿದ ತಕ್ಷಣ ಯಜಮಾನರು ಕಂಬದಂತೆ ನಿಂತುಬಿಡುತ್ತಿದ್ದರು.

“ಯಾಕೆ ನಿಂತ್ರಿ?”

“ನೀನು ಎಲ್ಲಿಗೋ ಹೊರಟಿದ್ದೀಯಲ್ಲ. ಹೋಗಿ ಬಾ. ನಾನಿಲ್ಲೇ ಇರ್ತೀನಿ.”

ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಮಗಳು ಮುಖಕ್ಕೆ ದಿಂಬು ಒತ್ತಿಕೊಂಡಳು. ಅವಳ ಭುಜ ಕುಲುಕುತ್ತಿದ್ದದ್ದು ಸಿಸ್ಟರ್ ಕಣ್ಣಿಗೆ ಬಿತ್ತು. ಅಷ್ಟು ದಿನದ ಸಿಟ್ಟು ಒಮ್ಮೆಗೇ ನೆತ್ತಿಗೇರಿತು.

“ನನ್ನ ಹತ್ರ ಹೂಂ ಅನ್ನೋಕೂ ನಿಮಗೆ ಬಾಯಿ ನೋಯುತ್ತೆ. ಆ ಟೀಚರಮ್ಮ ಒಂದು ಮಾತು ಕೇಳಿದ್ದಕ್ಕೆ ಪುರಾಣಾನೇ ಬಿಚ್ಚಿದ್ರಿ. ಕನ್ನಡಿಯಂತೆ, ಭಾರವಂತೆ, ಉಸಿರಂತೆ. ನನಗೆ ಯಾಕೆ ಅದನ್ನೆಲ್ಲ ಹೇಳಲಿಲ್ಲ ಹತ್ತೊಂಬತ್ತು ವರ್ಷದಲ್ಲಿ?”

ಯಜಮಾನರು ಹೆಂಡತಿಯ ಕೈ ಬಿಟ್ಟರು. ಆಮೇಲೆ ಮೆಲ್ಲಗೆ, “ಅವರು ಕೇಳಿದ್ರು. ಕೇಳಿ ಸುಮ್ಮನಾದ್ರು,” ಅಂದರು.

ಮಗಳು ದಿಂಬು ಕೆಳಗಿಟ್ಟಳು. ಸಿಸ್ಟರ್ ಕೋಣೆಗೆ ಹೋಗಿ, ಬೀರುವಿನಲ್ಲಿದ್ದ ಹೊದಿಕೆ ಹಾಸಿಗೆ ಬಟ್ಟೆಯನ್ನೆಲ್ಲ ಹೊರಗೆಳೆದು, ಒಂದೊಂದರ ಮೂಲೆಯನ್ನೂ ಆಸ್ಪತ್ರೆಯ ಪದ್ಧತಿಯಂತೆ ಮೊನಚಾಗಿ ಮಡಚಿ ಮತ್ತೆ ಜೋಡಿಸಿದರು. ಕೇಳಿದ ಮೇಲೆ ತಾವು ಸುಮ್ಮನಾದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದರು. ಬಟ್ಟೆ ಮುಗಿಯಿತು, ನೆನಪು ಸಿಗಲಿಲ್ಲ.

ಭಾನುವಾರ ಬಂದೇಬಂತು. ಸಿಸ್ಟರ್ ಬೆಳಿಗ್ಗೆಯಿಂದ ಯೋಚಿಸಿ ಒಂದು ನಿರ್ಧಾರಕ್ಕೆ ಬಂದಿದ್ದರು. ಕಾಲು ಉಳುಕಿದವರನ್ನು ಜಗತ್ತಿನಲ್ಲಿ ಯಾರೂ ಕುಣಿ ಎನ್ನುವುದಿಲ್ಲ. ಎರಡು ಗಂಟೆಗೆ ಬಾಗಿಲು ಹಾಕಿಕೊಂಡು ಎಡಗಾಲಿನ ಗಿಣ್ಣಿಗೆ ಕ್ರೇಪ್ ಬ್ಯಾಂಡೇಜು ಸುತ್ತಿದರು. ಸುತ್ತು ಸುತ್ತಿಗೂ ಒಂದೇ ಅಳತೆ, ಎಲ್ಲೂ ಸುಕ್ಕಿಲ್ಲ. ಪಠ್ಯಪುಸ್ತಕದಲ್ಲಿ ಚಿತ್ರ ಹಾಕಿಸಬಹುದಾಗಿತ್ತು. ಅದರ ಮೇಲೆಯೇ ಕುಣಿತದ ಬೂಟನ್ನೂ ಹಾಗೂ ಹೀಗೂ ಏರಿಸಿ, ಪಟ್ಟಿ ಬಿಗಿದು, ಕುಂಟುತ್ತ ಹೊರಗೆ ಬಂದರು. (ಕುಣಿಯುವ ಉದ್ದೇಶವಿಲ್ಲದವರು ಕುಣಿತದ ಬೂಟು ಯಾಕೆ ಹಾಕಿಕೊಂಡರು ಎಂದು ಕೇಳಬೇಡಿ. ಬಟ್ಟೆಗೆ ಒಪ್ಪುವುದು ಅದೊಂದೇ ಇತ್ತು.)

ಯಜಮಾನರು ಬಗ್ಗಿ ಬ್ಯಾಂಡೇಜನ್ನು ನೋಡಿದರು. “ಚೆನ್ನಾಗಿ ಕಟ್ಟಿದ್ದೀಯ,” ಅಂದರು. ಬೇರೇನೂ ಅನ್ನಲಿಲ್ಲ.

ಮಹಡಿಯ ಮೇಲೆ ಇಡೀ ಮೂಳೆ ವಾರ್ಡೇ ನೆರೆದಿತ್ತು. ಒಂಬತ್ತು ನರ್ಸುಗಳು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಎರಡನೆಯ ಸಾಲು ಹಿಡಿದಿದ್ದರು. ಎರಡು ವಾರದ ಹಿಂದೆ ಮನೆಗೆ ಹೋದ ಹತ್ತೊಂಬತ್ತನೆಯ ಮಂಚದ ಅಜ್ಜಿಯನ್ನು ಅವರ ಸೊಸೆ ಗಾಲಿಕುರ್ಚಿಯಲ್ಲಿ ಕರೆತಂದಿದ್ದಳು. ಅಂಗಡಿಯ ಸಾಮಾನು ಎತ್ತುವ ಲಿಫ್ಟಿನಲ್ಲಿ ಒಂದು ಡೈನಿಂಗ್ ಟೇಬಲ್ಲಿನ ಜೊತೆ ಬಂದರಂತೆ. ಮೂಳೆ ಡಾಕ್ಟರು ಮೊದಲ ಸಾಲಿನಲ್ಲಿದ್ದರು. ಕುಂಟುತ್ತ ಬಂದ ಸಿಸ್ಟರನ್ನು ನೋಡಿದ್ದೇ ತಡ, ರಜಾ ದಿನ ಕೆಲಸ ಸಿಕ್ಕ ಸಂತೋಷ ಅವರ ಮುಖದಲ್ಲಿ ಕಂಡಿತು.

“ಯಾವಾಗಾಯ್ತು ಸಿಸ್ಟರ್? ಕೂತ್ಕೊಳ್ಳಿ, ನೋಡೋಣ.”

“ಏನೂ ಇಲ್ಲ ಡಾಕ್ಟ್ರೇ, ಸಣ್ಣದು.”

ಡಾಕ್ಟರು ಆಗಲೇ ಮಂಡಿಯೂರಿ ಕೂತಿದ್ದರು. “ಇಲ್ಲಿ ನೋವಾ?”

“ಹೂಂ.”

“ಇಲ್ಲಿ?”

“ಹೂಂ.”

“ಇಲ್ಲಿ?”

“ಅಲ್ಲೇ ಡಾಕ್ಟ್ರೇ, ತುಂಬಾ.”

ಡಾಕ್ಟರು ಕತ್ತೆತ್ತಿ ನೋಡಿದರು. “ಸಿಸ್ಟರ್, ಇದು ನಿಮ್ಮ ಬೂಟಿನ ಬಕಲ್ಲು.”

ಸಿಸ್ಟರ್ ಕಾಲನ್ನು ಕುರ್ಚಿಯ ಕೆಳಕ್ಕೆ ಸರಿಸಿಕೊಂಡರು. ಡಾಕ್ಟರು ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದವರು. ದನಿ ತಗ್ಗಿಸಿ, “ಕುಣೀಬೇಡಿ ಅಂತ ನಾನು ಬೇಕಾದ್ರೆ ಎಲ್ಲರ ಎದುರು ಹೇಳ್ತೀನಿ,” ಅಂದರು. ಆ ಗಳಿಗೆಯಲ್ಲಿ ಸಿಸ್ಟರ್‌ಗೆ ಆ ಮನುಷ್ಯ ದೇವರಂತೆ ಕಂಡರು.

ಅಷ್ಟರಲ್ಲಿ ಟೀಚರಮ್ಮ ಇವರ ಸರದಿಯನ್ನು ಕರೆದರು. ಸಿಸ್ಟರ್ ಕಾಲು ನೋಡಿ, ಯಜಮಾನರ ಜೊತೆ ತಾವೇ ಒಂದು ಹಾಡಿಗೆ ಕುಣಿಯುತ್ತೇನೆಂದು ನೆಲದ ಮಧ್ಯಕ್ಕೆ ಬಂದು ನಿಂತರು. ಸಿಸ್ಟರ್ ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದರು. ಗೆದ್ದೆ ಅಂದುಕೊಂಡರು. ಆದರೆ ಗೆದ್ದವರ ಹೊಟ್ಟೆ ಇಷ್ಟು ಖಾಲಿ ಖಾಲಿ ಅನ್ನಿಸಬಾರದಿತ್ತು.

ಯಜಮಾನರು ನೆಲದ ಮಧ್ಯಕ್ಕೆ ಹೋಗಲಿಲ್ಲ. ನೇರವಾಗಿ ಹೆಂಡತಿಯ ಕುರ್ಚಿಯ ಹತ್ತಿರ ಬಂದು, ಕೆಳಗೆ ಕೂತು, ಬೂಟು ಬಿಚ್ಚಿ, ಬ್ಯಾಂಡೇಜಿನ ಪಿನ್ನು ತೆಗೆದು, ಒಂದೊಂದೇ ಸುತ್ತು ಬಿಚ್ಚಿದರು. ಬಿಚ್ಚಿದ್ದನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡರು. ಬೂಟನ್ನು ಮತ್ತೆ ತೊಡಿಸಿದರು. ಒಂಬತ್ತು ನರ್ಸುಗಳು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

“ಏಳು,” ಅಂದರು.

“ನನಗೆ ಬರಲ್ಲ ರೀ.” ಸಿಸ್ಟರ್ ಬಾಯಲ್ಲಿ ಈ ಮಾತು ಬಂದದ್ದು ಬಹುಶಃ ಅದೇ ಮೊದಲು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವರಿಗೇ ಗುರುತು ಸಿಗಲಿಲ್ಲ.

“ಗೊತ್ತು.”

“ಎಲ್ಲರೂ ನೋಡ್ತಿದ್ದಾರೆ.”

“ನೋಡ್ಲಿ ಬಿಡು. ನೀನು ಮಾತ್ರ ನೋಡ್ಬೇಡ. ಕಣ್ಣು ಮುಚ್ಕೋ.”

ಸಿಸ್ಟರ್ ಎದ್ದರು. ಕಣ್ಣು ಮುಚ್ಚಿಕೊಂಡರು. ಹಾಡು ಶುರುವಾಯಿತು. ಯಜಮಾನರು ಹೊರಡಲಿಲ್ಲ, ಸುಮ್ಮನೆ ನಿಂತಿದ್ದರು. ಸಿಸ್ಟರ್‌ಗೆ ‘ಹೊರಡಿ’ ಎಂದು ಹೇಳುವ ಆಸೆ ಗಂಟಲವರೆಗೆ ಬಂತು. ನುಂಗಿಕೊಂಡರು. ಆಗ ಎದುರಿನ ಎದೆಯಲ್ಲಿ ಉಸಿರು ಹೊರಗೆ ಹೋದದ್ದು ತಿಳಿಯಿತು, ಅದರ ಹಿಂದೆಯೇ ಒಂದು ಹೆಜ್ಜೆ ಬಂತು, ಸಿಸ್ಟರ್ ಕಾಲು ತಾನಾಗಿ ಹಿಂದಕ್ಕೆ ಹೋಯಿತು. ಇನ್ನೊಂದು. ಮತ್ತೊಂದು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ. ಮೂವತ್ತೆರಡು ಮಂಚಗಳಲ್ಲಿ ಯಾರ ಡ್ರಿಪ್ಪು ಮುಗಿಯಿತು, ಯಾರು ಗಂಟೆ ಒತ್ತಿದರು, ಮಗಳ ಪರೀಕ್ಷೆ ಎಂದು, ಅಡುಗೆಮನೆಯ ನಲ್ಲಿ ಯಾಕೆ ಸೋರುತ್ತಿದೆ, ಇವೆಲ್ಲವನ್ನೂ ತಲೆಯ ಮೇಲೆ ಹೊತ್ತು ಓಡಾಡುವ ಹೆಂಗಸು ಒಂದು ಹಾಡಿನ ಕಾಲ ಏನನ್ನೂ ಹೊತ್ತಿರಲಿಲ್ಲ. ಆ ಹಗುರದಲ್ಲಿ ಕಣ್ಣಂಚು ಒದ್ದೆಯಾಯಿತು.

ಎಲ್ಲ ಸರಿಯಾಗಿ ನಡೆಯಿತು ಅನ್ನುವ ಹಾಗಿಲ್ಲ. ಮಧ್ಯದಲ್ಲಿ ಹಲ್ಲಿನ ಡಾಕ್ಟರ ಕೆಮ್ಮು ಪಕ್ಕದಲ್ಲೇ ಕೇಳಿಸಿ ಸಿಸ್ಟರ್ ಗಾಬರಿಯಾಗಿ ಯಜಮಾನರನ್ನು ಬಲಕ್ಕೆ ಎಳೆದರು. ಯಜಮಾನರು ನಿಂತರು. ಸಿಸ್ಟರ್ ಎಲ್ಲಿಗೋ ಹೋಗಿ, ಯಾರೂ ಜೊತೆಗೆ ಬರದಿದ್ದದ್ದು ತಿಳಿದು, ವಾಪಸು ಬಂದರು. ಮತ್ತೆ ಹೆಜ್ಜೆ ಕೂಡಿತು. ಹಾಡು ಮುಗಿದಾಗ ಸಿಸ್ಟರ್‌ಗೆ ಎದೆಯ ಮೇಲಿಂದ ಯಾರೋ ಒಂದು ಕಬ್ಬಿಣದ ಬೀರು ಇಳಿಸಿದ ಹಾಗಾಯಿತು.

ಕಣ್ಣು ಬಿಟ್ಟರೆ ಸುತ್ತಲೂ ವಾರ್ಡು. ಗಾಲಿಕುರ್ಚಿಯ ಅಜ್ಜಿ ಸೊಸೆಯಿಂದ ತಳ್ಳಿಸಿಕೊಂಡು ಎಲ್ಲರಿಗಿಂತ ಮುಂದೆ ಬಂದಿದ್ದರು. ಯಜಮಾನರ ಬೂಟುಗಳನ್ನು ಕೂಲಂಕಷವಾಗಿ ಪರೀಕ್ಷಿಸಿ, “ಚೀಟಿ ಎಲ್ಲಿ ಅಂಟಿಸಿದ್ದೀಯಪ್ಪಾ, ಕಾಣಿಸ್ತಾನೇ ಇಲ್ವಲ್ಲ,” ಎಂದರು.

“ಯಾವ ಚೀಟಿ?” ಎಂದು ಯಜಮಾನರು ಕೇಳಿದರು.

ಒಂಬತ್ತು ನರ್ಸುಗಳು ಸಿಸ್ಟರನ್ನು ನೋಡಿದರು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿತ್ತು, ಅದೂ ಒಳ್ಳೆಯ ಸುಳ್ಳೇ. ಆದರೆ ಬೀರು ಇಳಿಸಿದ ಎದೆಯ ಮೇಲೆ ಮತ್ತೊಂದನ್ನು ಏರಿಸಿಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ.

“ಚೀಟಿ ಬೇಕಾಗಿದ್ದಿದ್ದು ನನಗೆ ಅಜ್ಜಿ,” ಅಂದರು. “ಇವರು ಮೊದಲ ದಿನದಿಂದಲೂ ಹೀಗೇ. ನಾನೇ ಇನ್ನೂ ಸಣ್ಣ ಬ್ಯಾಚಿನಲ್ಲಿದ್ದೀನಿ. ಹೇಳೋಕೆ ನಾಚಿಕೆಯಾಯ್ತು.”

ಕಿರಿಯ ನರ್ಸು, “ನನಗೂ ಇಂಜೆಕ್ಷನ್ ಕೊಡುವಾಗ ಇನ್ನೂ ಕೈ ನಡುಗುತ್ತೆ ಸಿಸ್ಟರ್. ನಿಮಗೆ ಹೇಳೋಕೆ ಭಯ ಇತ್ತು,” ಎಂದಳು. ಇನ್ನೊಬ್ಬಳು ರಿಜಿಸ್ಟರಿನ ವಿಷಯ ಏನೋ ಹೇಳಿದಳು. ಐದೇ ನಿಮಿಷದಲ್ಲಿ ವಾರ್ಡಿನ ಅರ್ಧದಷ್ಟು ಗುಟ್ಟುಗಳು ಹೊರಬಿದ್ದವು. ಬೇರೆ ದಿನವಾಗಿದ್ದರೆ ಸಿಸ್ಟರ್ ಎಲ್ಲರಿಗೂ ಮೆಮೊ ಕೊಡುತ್ತಿದ್ದರು. ಆ ದಿನ ನಗುತ್ತ ಕೂತಿದ್ದರು. ಅಜ್ಜಿ ಮಾತ್ರ ಧಾರಾವಾಹಿ ಹೀಗೆ ಮುಗಿದದ್ದಕ್ಕೆ ಬೇಜಾರಾಗಿ ಮನೆಗೆ ಕರೆದುಕೊಂಡು ಹೋಗು ಎಂದು ಸೊಸೆಗೆ ಹೇಳಿದರು.

ಎಲ್ಲ ಸುಖವಾಗಿ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮೂಳೆ ಡಾಕ್ಟರು ಯಜಮಾನರ ಭುಜದ ಮೇಲೆ ಕೈ ಹಾಕಿದರು. ಅವರು ಇಷ್ಟು ಹೊತ್ತೂ ನೋಡಿದ್ದು ಕುಣಿತವನ್ನಲ್ಲ, ಭಾರ ಒಂದು ಕಾಲಿಂದ ಇನ್ನೊಂದು ಕಾಲಿಗೆ ಹೋಗುವುದನ್ನಂತೆ. “ಪೇಷಂಟನ್ನ ಮಂಚದಿಂದ ಕುರ್ಚಿಗೆ ಎತ್ತಿ ಎತ್ತಿ ನಮ್ಮ ಮೂರು ನರ್ಸುಗಳಿಗೆ ಬೆನ್ನು ಹೋಗಿದೆ. ನೀವು ಮಾಡೋದು ಎತ್ತೋದಲ್ಲ, ಕರ್ಕೊಂಡು ಹೋಗೋದು. ಮಂಗಳವಾರ ಬಂದು ಒಂದು ಗಂಟೆ ನಮ್ಮವರಿಗೆ ಹೇಳ್ಕೊಡ್ತೀರಾ?”

“ಹೂಂ,” ಎಂದರು ಯಜಮಾನರು. ಸಿಸ್ಟರ್‌ಗೆ ಅದು ಉದ್ದ ಹೂಂ ಎಂದು ಕೇಳಿಸಿ ನಿಶ್ಚಿಂತೆಯಾಯಿತು.

ಅದು ಗಿಡ್ಡದ್ದಾಗಿತ್ತು. ಮಂಗಳವಾರ ಮಧ್ಯಾಹ್ನ ಎರಡೂವರೆಗೆ, ಮೊಣಕಾಲಿನ ಹತ್ತಿರ ಗಾಜಿನ ಅಂಟು ಮೆತ್ತಿದ್ದ ಕೆಲಸದ ಪ್ಯಾಂಟಿನಲ್ಲೇ ಯಜಮಾನರು ವಾರ್ಡಿಗೆ ಬಂದರು. ಹನ್ನೊಂದು ನರ್ಸುಗಳು ನೋಟ್‌ಬುಕ್ಕು ಹಿಡಿದು ಏಳನೆಯ ಮಂಚದ ಸುತ್ತ ನಿಂತರು. ಏಳನೆಯ ಮಂಚ ಅಂದು ಖಾಲಿಯಿತ್ತು. ಪಾಠಕ್ಕೆ ಒಬ್ಬ ಪೇಷಂಟು ಬೇಕಾಗಿತ್ತು. ನಿಜವಾದ ಪೇಷಂಟಿನ ಮೇಲೆ ಪ್ರಯೋಗ ಮಾಡುವುದು ಬೇಡ ಎಂದು ಮೂಳೆ ಡಾಕ್ಟರು ಅಭಿಪ್ರಾಯಪಟ್ಟರು. ಎಲ್ಲರ ಕಣ್ಣೂ ಒಂದೇ ಕಡೆಗೆ ತಿರುಗಿತು.

ಸಿಸ್ಟರ್ ಬೂಟು ಬಿಚ್ಚಿಟ್ಟು ಮಲಗಿದರು. ಅಷ್ಟು ವರ್ಷ ನೆಟ್ಟಗೆ ನಿಂತು ಆಳಿದ ವಾರ್ಡು ಕೆಳಗಿನಿಂದ ನೋಡಿದರೆ ಬೇರೆಯೇ ಆಗಿ ಕಾಣುತ್ತಿತ್ತು. ತಾರಸಿಯಲ್ಲಿ ಇಷ್ಟು ಬಿರುಕುಗಳಿವೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಯಜಮಾನರು ನರ್ಸುಗಳಿಗೆ ಕಾಲು ಎಲ್ಲಿ ಇಡಬೇಕು, ಯಾವಾಗ ಉಸಿರು ಬಿಡಬೇಕು ಎಂದು ವಿವರಿಸುತ್ತಿದ್ದರು. ಅವರೊಂದು ವಾಕ್ಯ ಮುಗಿಸುವಷ್ಟರಲ್ಲಿ ಸಿಸ್ಟರ್ ತಾವೇ ಎದ್ದು ಕೂತುಬಿಟ್ಟರು.

“ಪೇಷಂಟು ಸಹಾಯ ಮಾಡ್ತಿದ್ದಾರೆ,” ಎಂದು ಯಜಮಾನರು ನರ್ಸುಗಳಿಗೆ ತಿಳಿಸಿದರು. “ಹೀಗಾದ್ರೆ ಕಷ್ಟ. ಮತ್ತೆ ಮಲಗಿಸಿ.”

ಮತ್ತೆ ಮಲಗಿಸಿದರು. ಈ ಸಲ ನಿಜವಾದ ಪೇಷಂಟಿಗೆ ಮಾಡುವುದನ್ನೆಲ್ಲ ಕ್ರಮವಾಗಿ ಮಾಡಬೇಕೆಂದು ಡಾಕ್ಟರ ಅಪ್ಪಣೆಯಾಯಿತು. ಒಬ್ಬಳು ಹೊದಿಕೆ ಸರಿಪಡಿಸಿದಳು, ಒಬ್ಬಳು ನಾಡಿ ಹಿಡಿದಳು. ಅಷ್ಟರಲ್ಲಿ ಸಿಸ್ಟರ್‌ಗೆ ಸೊಂಟದ ಕೆಳಗೆ ಏನೋ ಚುಚ್ಚಿತು. ಏಳನೆಯ ಮಂಚದ ಹಾಸಿಗೆಯ ಸರಿ ಮಧ್ಯದಲ್ಲಿ ಒಂದು ಗಂಟಿತ್ತು. ಇದರ ಮೇಲೆ ಜನ ವಾರಗಟ್ಟಲೆ ಹೇಗೆ ಮಲಗಿದ್ದರೋ.

“ಇಲ್ಲಿ ನೋಡಿ, ಈ ಹಾಸಿಗೆ...” ಎಂದು ಶುರು ಮಾಡಿದರು.

“ಎಲ್ಲಾ ನಮಗೆ ಗೊತ್ತಮ್ಮಾ. ಸುಮ್ಮನೆ ಮಲಗಿ,” ಎಂದು ಕಿರಿಯ ನರ್ಸು ತುಂಬ ಅಕ್ಕರೆಯಿಂದ ಹೇಳಿದಳು. ಥೇಟ್ ಸಿಸ್ಟರ್ ಕಲಿಸಿಕೊಟ್ಟ ದನಿ, ಸಿಸ್ಟರ್ ಕಲಿಸಿಕೊಟ್ಟ ನಗು.

ಸಿಸ್ಟರ್ ಅವಳಿಗೆ ಉತ್ತರ ಕೊಡಲು ದೊಡ್ಡದಾಗಿ ಬಾಯಿ ತೆರೆದರು. ಅವಳು ಅದರೊಳಗೆ ಥರ್ಮಾಮೀಟರ್ ಇಟ್ಟಳು.